ಫಾಲ್ಸ್ ಸೀಲಿಂಗ್ ಫ್ಯಾನಿನ ಭಾರ ತಾರಸಿ ಹೊರಲಿ

ಮಾನ್ಯ ಸಂಪಾದಕರೇ,

ಮನೆ, ಕ್ಲಿನಿಕ್, ಟ್ಯೂಷನ್ ಕೇಂದ್ರ, ಎಲ್ಲಿ ನೋಡಿದರೂ ಈಗ ಜಿಪ್ಸಂ ಫಾಲ್ಸ್ ಸೀಲಿಂಗ್. ಅದರೊಳಗೇ ಎಕ್ಸಾಸ್ಟ್ ಫ್ಯಾನ್, ಡಕ್ಟ್ (ಗಾಳಿ ಸಾಗುವ ಕೊಳವೆ), ಗಾಳಿಯ ಜಾಲರಿ ಕೂರಿಸುತ್ತಾರೆ. ಎಸ್ಟಿಮೇಟಿನಲ್ಲಿ ಫ್ಯಾನಿನ ಕಂಪನಿ, ಅಳತೆ, ವ್ಯಾಟ್ ಎಲ್ಲ ಬರೆದಿರುತ್ತದೆ. ಅದನ್ನು ತಲೆಯ ಮೇಲೆ ಹಿಡಿದು ನಿಲ್ಲಿಸುವ ಬೋಲ್ಟಿಗೆ ಮಾತ್ರ ‘ಫಿಟಿಂಗ್ ಸಾಮಾನು’ ಎಂಬ ಎರಡೇ ಪದ. ಆ ಎರಡು ಪದದ ಲೆಕ್ಕದಲ್ಲಿ ಒಂದು ಮುಷ್ಟಿ ಕಪ್ಪು ಸ್ಕ್ರೂ, ಒಂದು ಮುಷ್ಟಿ ಪ್ಲಾಸ್ಟಿಕ್ ರಾಲ್ ಪ್ಲಗ್ (ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಬಿರಡೆ) ಬರುತ್ತವೆ. ಫ್ಯಾನ್ ಕಳಚಿ ಬೀಳುವ ಅನಾಹುತಗಳ ಮೂಲ ಇಲ್ಲೇ ಇದೆ.

ಕಪ್ಪು ಡ್ರೈವಾಲ್ ಸ್ಕ್ರೂ ಜಿಪ್ಸಂ ಹಾಳೆಯನ್ನು ಜಿಐ (ಸತು ಲೇಪಿಸಿದ ಉಕ್ಕಿನ) ಪಟ್ಟಿಗೆ ಹಿಡಿಸಲು ಮಾಡಿದ್ದು, ಆ ಕೆಲಸಕ್ಕೆ ಅದು ಸರಿಯೇ. ಆದರೆ ಗಡಸು ಮಾಡಿದ ಉಕ್ಕಾದ್ದರಿಂದ ಅದು ಬಾಗುವುದಿಲ್ಲ, ಮುರಿಯುತ್ತದೆ. ಮೇಲಿನ ಕಪ್ಪು ಫಾಸ್ಫೇಟ್ ಲೇಪ ಬಚ್ಚಲುಮನೆಯ ಹಬೆಗೆ ತಡೆಯದೆ ತುಕ್ಕು ಹಿಡಿಯುತ್ತದೆ. ಇನ್ನು 12.5 ಎಂಎಂ ಜಿಪ್ಸಂ ಹಾಳೆಗೇ ನೇರವಾಗಿ ತಿರುಗಿಸಿದ ಸ್ಕ್ರೂ ಕಾಗದ ಮತ್ತು ಪುಡಿಯನ್ನು ಬಿಟ್ಟು ಬೇರೇನನ್ನೂ ಹಿಡಿದಿರುವುದಿಲ್ಲ. ಹಾಳೆ ಒದ್ದೆಯಾದರೆ ಆ ಹಿಡಿತವೂ ಹೋಯಿತು. ಕೆಲವು ನೂರು ಗ್ರಾಂ ತೂಗುವ ಪ್ಲಾಸ್ಟಿಕ್ ಜಾಲರಿಗೆ ಸ್ಪ್ರಿಂಗ್ ಟಾಗಲ್ ಸಾಕು. ಅದರ ಎರಡು ರೆಕ್ಕೆ ಹಾಳೆಯ ಮೇಲ್ಬದಿಯಲ್ಲಿ ಬಿಚ್ಚಿಕೊಂಡು ಭಾರವನ್ನು ಹರಡುತ್ತವೆ. ಮೋಟಾರ್ ಇರುವ ಯಾವುದೇ ವಸ್ತುವಿಗೆ ಇದು ಸಾಲದು, ಅದರ ಭಾರ ತಾರಸಿಗೇ ಹೋಗಬೇಕು.

ಆರ್‌ಸಿಸಿ ತಾರಸಿಗೆ ಸೂಕ್ತವಾದದ್ದು ಡ್ರಾಪ್-ಇನ್ ಆಂಕರ್, ಅಂದರೆ ತೂತಿನೊಳಗೆ ಹಿಗ್ಗಿ ಕೂರುವ ಉಕ್ಕಿನ ಕೊಳವೆ; ಅಂಗಡಿಗಳಲ್ಲಿ ಬುಲೆಟ್ ಫಾಸ್ಟನರ್ ಅಂತಲೂ ಕೇಳುತ್ತಾರೆ. ಫ್ಯಾನನ್ನು ತೂಗುಹಾಕುವ ಥ್ರೆಡ್ ರಾಡನ್ನು (ಉದ್ದಕ್ಕೂ ಸ್ಕ್ರೂವಿನಂಥ ಸುರುಳಿ ಗೆರೆ ಇರುವ ಸರಳು) ಇದರೊಳಗೆ ತಿರುಗಿಸುತ್ತಾರೆ. 8 ಎಂಎಂ ರಾಡಿನ ಆಂಕರಿಗೆ 10 ಎಂಎಂ ಡ್ರಿಲ್ ಬಿಟ್, 30 ಎಂಎಂ ಆಳ. ಗಟ್ಟಿ ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ ಇಂಥ ಒಂದೇ ಆಂಕರ್ ಮೂರು ನಾಲ್ಕು ಕಿಲೋದ ಬಾತ್‌ರೂಮ್ ಫ್ಯಾನನ್ನು ಸಲೀಸಾಗಿ ಹೊರುತ್ತದೆ. ಹಾಗಿದ್ದೂ ಕಳಚಿ ಬೀಳುವುದು ಕೂರಿಸುವ ಹೊತ್ತಿನ ತಪ್ಪಿನಿಂದ.

ಈ ಆಂಕರಿನ ಒಳಗೆ, ತುದಿಯಲ್ಲಿ ಒಂದು ಸಣ್ಣ ಉಕ್ಕಿನ ಬೆಣೆ ಇರುತ್ತದೆ. ಪಂಚ್ (ಇದಕ್ಕೆಂದೇ ಇರುವ ಉಕ್ಕಿನ ಕಡ್ಡಿ) ಇಟ್ಟು ಹೊಡೆದಾಗ ಬೆಣೆ ಒಳಸರಿದು, ಸೀಳು ಬಿಟ್ಟಿರುವ ಗೋಡೆ ಅಗಲವಾಗಿ ಕಾಂಕ್ರೀಟನ್ನು ಕಚ್ಚುತ್ತದೆ. ಪಂಚಿನ ಭುಜ ಆಂಕರಿನ ಬಾಯಿಗೆ ತಾಗುವ ತನಕ ಹೊಡೆಯಲೇಬೇಕು. ಪಂಚ್ ತಂದಿಲ್ಲವೆಂದು ಥ್ರೆಡ್ ರಾಡನ್ನೇ ತೂರಿಸಿ ಸುತ್ತಿಗೆಯಿಂದ ಬಡಿಯುವವರಿದ್ದಾರೆ. ಹಾಗೆ ಮಾಡಿದರೆ ಬೆಣೆ ಅರ್ಧದಲ್ಲೇ ನಿಲ್ಲುತ್ತದೆ, ಥ್ರೆಡ್ಡೂ ಹಾಳಾಗುತ್ತದೆ. ಕೈಯಲ್ಲಿ ಎಳೆದು ನೋಡಿದಾಗ ಗಟ್ಟಿಯಾಗಿಯೇ ಇರುತ್ತದೆ; ಫ್ಯಾನ್ ಕೆಲವು ತಿಂಗಳು ಅದುರಿದ ಮೇಲೆ ಜಾರಲು ಶುರುವಾಗುತ್ತದೆ.

ಎರಡನೆಯ ತಪ್ಪು ಗಾರೆಯದ್ದು. ತಾರಸಿಯ ಕೆಳಗೆ 6ರಿಂದ 12 ಎಂಎಂ ಪ್ಲಾಸ್ಟರ್ ಇದ್ದರೆ, 30 ಎಂಎಂ ಆಂಕರಿನಲ್ಲಿ ಕಾಂಕ್ರೀಟಿಗೆ ಸಿಗುವುದು 18 ಎಂಎಂ ಅಷ್ಟೇ ಆಗಬಹುದು. ಆ ಜಾಗದ ಗಾರೆಯನ್ನು ಕೆತ್ತಿ ಕಾಂಕ್ರೀಟ್ ಕಂಡ ಮೇಲೆಯೇ ಆಳ ಲೆಕ್ಕ ಹಾಕಬೇಕು. ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಆಳ ತಪ್ಪುವುದಿಲ್ಲ. ಕೊರೆದ ತೂತಿನ ಪುಡಿಯನ್ನು ಊದುವ ಪಂಪಿನಿಂದ ತೆಗೆಯಬೇಕು. ಗಾರೆಯ ನಷ್ಟ ತುಂಬಲೆಂದು 75 ಎಂಎಂ ಉದ್ದದ ಬೋಲ್ಟ್ ಹಾಕುವುದು ಅಪಾಯ: ತಾರಸಿಯಲ್ಲಿ ಕೆಳಗಿನ ಕಬ್ಬಿಣದ ಮೇಲೆಯೇ ವೈರಿಂಗ್ ಪೈಪ್ ಹಾದಿರುತ್ತದೆ. ಬಿಟ್ಟಿಗೆ ಕಬ್ಬಿಣ ತಗುಲಿದರೆ ಓರೆಯಾಗಿ ಕೊರೆಯದೆ, ಆ ತೂತಿನ ಆಳದ ಎರಡರಷ್ಟು ದೂರ ಸರಿದು ಹೊಸದಾಗಿ ಕೊರೆಯಬೇಕು, ಹಳೆಯದನ್ನು ಗಾರೆಯಿಂದ ತುಂಬಬೇಕು.

ತಲೆಯ ಮೇಲೆ ಸದಾ ತೂಗುವ ಭಾರಕ್ಕೆ ಪ್ಲಾಸ್ಟಿಕ್ ರಾಲ್ ಪ್ಲಗ್ ಬೇಡವೇ ಬೇಡ. ಎಡೆಬಿಡದ ಎಳೆತಕ್ಕೆ ಅದು ನಿಧಾನವಾಗಿ ಸಡಿಲಾಗುತ್ತದೆ, ಬೆಂಕಿ ಬಿದ್ದರೆ ಮೊದಲು ಕರಗುವುದೂ ಅದೇ. ತೂತಿಗೆ ಅಂಟು ತುಂಬಿ ಕೂರಿಸುವ ಆಂಕರನ್ನೂ ಕಣ್ಣುಮುಚ್ಚಿ ನಂಬಬಾರದು. 2006ರ ಜುಲೈನಲ್ಲಿ ಅಮೆರಿಕದ ಬೋಸ್ಟನ್ನಿನ ಸುರಂಗವೊಂದರಲ್ಲಿ ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆಯನ್ನು ಬಲಿ ತೆಗೆದುಕೊಂಡದ್ದು ಗಾಳಿ ಸಾಗಿಸಲೆಂದೇ ಮಾಡಿದ್ದ ಕಾಂಕ್ರೀಟ್ ಸೀಲಿಂಗ್. ಅದರ ಆಂಕರುಗಳನ್ನು ಹಿಡಿದಿದ್ದ ಎಪಾಕ್ಸಿ ಅಂಟು ಸತತ ಭಾರಕ್ಕೆ ಇಂಚಿಂಚೇ ಜಾರಿತ್ತು. 2012ರ ಡಿಸೆಂಬರಿನಲ್ಲಿ ಜಪಾನಿನ ಸಸಾಗೊ ಸುರಂಗದಲ್ಲಿ ಗಾಳಿಮಾರ್ಗದ ಸೀಲಿಂಗ್ ಕುಸಿದು 9 ಮಂದಿ ಸತ್ತರು; ಅಲ್ಲಿಯೂ ಕಿತ್ತುಬಂದದ್ದು ಅಂಟಿನ ಬೋಲ್ಟುಗಳೇ.

ನಮ್ಮಲ್ಲಿ ಎಲ್ಲ ಮಾಡೂ ಆರ್‌ಸಿಸಿ ಅಲ್ಲ. ಕರಾವಳಿ, ಮಲೆನಾಡಿನ ಹೆಂಚಿನ ಮನೆಯಲ್ಲಿ ಮರದ ತೊಲೆಗೇ ಬಿಗಿಯಬೇಕು. ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ 6 ಎಂಎಂ ಕೋಚ್ ಸ್ಕ್ರೂ (ಸ್ಪ್ಯಾನರಿನಿಂದ ತಿರುಗಿಸುವ ದಪ್ಪ ಮರದ ಸ್ಕ್ರೂ) ಹಾಕುವ ಮುಂಚೆ 4 ಎಂಎಂ ತೂತು ಕೊರೆಯದಿದ್ದರೆ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂ ತಲೆ ತಿರುಚಿ ಹೋಗುತ್ತದೆ. ಟೊಳ್ಳು ಮಣ್ಣಿನ ಬ್ಲಾಕಿನ ಮಾಡಿಗೆ ಹಿಗ್ಗುವ ಆಂಕರ್ ಹಾಕಿದರೆ ಬ್ಲಾಕಿನ ತೆಳು ಗೋಡೆ ಒಡೆಯುತ್ತದೆ. ಬ್ಲಾಕುಗಳ ನಡುವಿನ ಕಾಂಕ್ರೀಟ್ ಪಟ್ಟಿ ಹುಡುಕಿ ಅಲ್ಲೇ ಕೊರೆಯಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಂಕರ್, ಸ್ಕ್ರೂ ಕೊಳ್ಳಿ. ಅಲ್ಯೂಮಿನಿಯಂ ಜಾಲರಿಗೆ ಸ್ಟೀಲ್ ಸ್ಕ್ರೂ ಹಾಕುವಾಗ ನಡುವೆ ನೈಲಾನ್ ವಾಷರ್ ಇಡಿ. ಇಲ್ಲದಿದ್ದರೆ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸೀಲಿಂಗ್ ಕೆಲಸದವರಲ್ಲಿ ಇನ್ನೊಂದು ಮನವಿ. ಫ್ಯಾನಿಗೆ ಜಾಗ ಮಾಡಲು ಜಿಐ ಪಟ್ಟಿ ಕತ್ತರಿಸಿದರೆ ಆ ತೆರಪಿನ ನಾಲ್ಕೂ ಬದಿಗೆ ಅದೇ ಪಟ್ಟಿಯ ಚೌಕಟ್ಟು ಕೊಡಿ. ರಿಪೇರಿಗೆ ಕೈ ಹೋಗುವಷ್ಟು ಬಾಗಿಲನ್ನೂ ಪಕ್ಕದಲ್ಲಿ ಬಿಡಿ, ಆಂಕರ್ ನೋಡಲು ಸೀಲಿಂಗ್ ಒಡೆಯುವಂತಾಗಬಾರದು.

ಗುತ್ತಿಗೆದಾರರು ‘ಫಿಟಿಂಗ್ ಸಾಮಾನು’ ಎಂದು ಬರೆಯುವ ಜಾಗದಲ್ಲಿ ಪ್ರತಿ ಫ್ಯಾನಿಗೆ ಇಷ್ಟು ಬರೆಯಲಿ, ಮನೆಯವರೂ ಕೇಳಿ ಬರೆಸಿಕೊಳ್ಳಲಿ: 8 ಎಂಎಂ ಡ್ರಾಪ್-ಇನ್ ಆಂಕರ್ 4, ಜಿಐ ಥ್ರೆಡ್ ರಾಡ್ 4 ತುಂಡು, ನಟ್ 16 (ಪ್ರತಿ ರಾಡಿಗೆ ತಾರಸಿಯ ಬಳಿ 1, ಬ್ರಾಕೆಟಿನ ಮೇಲೆ 1, ಕೆಳಗೆ ಒಂದಕ್ಕೊಂದು ಬಿಗಿದ 2), ಅಗಲ ವಾಷರ್ 8, ಅದುರು ತಡೆಯುವ ರಬ್ಬರ್ ಬುಷ್ 4.

ಇತಿ,
ಗಾಳಿ-ಡಕ್ಟ್ ಕೆಲಸದ ಮೇಲ್ವಿಚಾರಕ, ದಾವಣಗೆರೆ