ಗೆಳೆಯನಿಗೊಂದು ಪತ್ರ: ಫ್ರಾಂಕ್‌ಫರ್ಟಿನಲ್ಲಿ ಬೀನ್ ಬರಿಟೋ ಹುಡುಕಿದ್ದು

ಫ್ರಾಂಕ್‌ಫರ್ಟ್,
ಭಾನುವಾರ ಮಧ್ಯಾಹ್ನ

ಪ್ರೀತಿಯ ನಾಗು,

ಮೊನ್ನೆ ಫೋನಿನಲ್ಲಿ "ಅಲ್ಲಿ ನಮ್ಮ ಬರಿಟೋ ಸಿಗುತ್ತೇನೋ?" ಅಂತ ನೀನು ಕೇಳಿದ್ದೇ ತಡ, ಲೈನ್ ಕಟ್ಟಾಯಿತು. ತೋಟದ ಆ ಮೂಲೆಯಲ್ಲಿ ನಿಂತು ಫೋನ್ ಮಾಡಬೇಡ ಅಂತ ಎಷ್ಟು ಸಲ ಹೇಳಿಲ್ಲ ನಾನು! ಇರಲಿ. ಇವತ್ತು ಭಾನುವಾರ, ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಹೊರಗೆ ಜಿಟಿಜಿಟಿ ಮಳೆ. ನಿನ್ನ ಪ್ರಶ್ನೆಗೆ ಹೌದು, ಇಲ್ಲ ಅಂತ ಹೇಳಿ ಮುಗಿಸುವ ಹಾಗಿಲ್ಲ. ಬರೆದೇ ಬಿಡುತ್ತೇನೆ.

"ನಮ್ಮ" ಬರಿಟೋ ಅಂದೆಯಲ್ಲ, ಅದಕ್ಕೇ ನಗು ಬಂತು. ಮೈದಾ ರೊಟ್ಟಿಯಲ್ಲಿ ಬೀನ್ಸ್ ಸುತ್ತಿದ ಆ ಮೆಕ್ಸಿಕನ್ ತಿಂಡಿ ಸಾಗರದ ಇಬ್ಬರು ಹುಡುಗರಿಗೆ ಯಾವಾಗ ನಮ್ಮದಾಯಿತೋ! 2010ರಲ್ಲಿ ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ ದೇಶದ ಮೊದಲ ಟಾಕೋ ಬೆಲ್, ಅದೇ ಅಮೆರಿಕದ ಮೆಕ್ಸಿಕನ್ ತಿಂಡಿ ಅಂಗಡಿ, ತೆರೆದಾಗ ನೋಡೋಣ ಅಂತ ಹೋಗಿದ್ದೆವು, ನೆನಪಿದೆಯಾ? ಗರಿಗರಿ ಟಾಕೋವನ್ನು ನೀನು ಕಚ್ಚಿದ ತಕ್ಷಣ ಅದು ನಡುವೆ ಮುರಿದು, ಒಳಗಿದ್ದುದೆಲ್ಲ ಬಿಳಿ ಅಂಗಿಯ ಮೇಲೆ ಬಿತ್ತು. "ಹಪ್ಪಳದೊಳಗೆ ಪಲ್ಯ ತುಂಬಿಸಿ ಇಷ್ಟು ದುಡ್ಡಾ?" ಅಂತ ನೀನು ಜೋರಾಗಿ ಕೇಳಿದ್ದಕ್ಕೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದ್ದರು.

ಎರಡು ವರ್ಷ ಬಿಟ್ಟು ಟೆಕ್ಸಸ್‌ಗೆ ಹೋದ ಮೇಲೆ ನಮ್ಮನ್ನು ಸಾಕಿದ್ದು ಅದೇ ಹಪ್ಪಳದಂಗಡಿ. ಎಲ್ಲಿ ನೋಡಿದರೂ ಬಾರ್ಬೆಕ್ಯೂ ಹೊಗೆ ಏಳುವ ಆ ಸೀಮೆಯಲ್ಲಿ ನಮ್ಮಂಥ ಪುಳಿಚಾರುಗಳಿಗೆ ರಾತ್ರಿ ಹನ್ನೊಂದಕ್ಕೆ ಬಿಸಿಯಾಗಿ ಸಿಗುತ್ತಿದ್ದುದು ಬೀನ್ ಬರಿಟೋ ಒಂದೇ. ಒಂದು ಡಾಲರ್ ಚಿಲ್ಲರೆ. ಬೇರೆ ಏನು ಬೇಕೆನಿಸಿದರೂ ಮಾಂಸ ತೆಗೆದು ಬೀನ್ಸ್ ಹಾಕಿ ಅಂದರೆ ಮರುಮಾತಿಲ್ಲದೆ ಹಾಕಿ ಕೊಡುತ್ತಿದ್ದರು. ಜೊತೆಗೆ ಫೈರ್ ಸಾಸಿನ ಪೊಟ್ಟಣಗಳನ್ನು ನೀನು ಎರಡೂ ಕೈಯಲ್ಲಿ ಬಾಚುತ್ತಿದ್ದೆ. ಅಡುಗೆಮನೆಯ ಡ್ರಾಯರ್ ಎಳೆದರೆ ಚಮಚ ಕಾಣುತ್ತಿರಲಿಲ್ಲ, ಬರೀ ಪೊಟ್ಟಣ. ಮಿಡಿ ಉಪ್ಪಿನಕಾಯಿ ಖಾಲಿಯಾದ ತಿಂಗಳು ಮೊಸರನ್ನಕ್ಕೂ ಅದನ್ನೇ ಹಿಂಡಿಕೊಂಡೆವು. ಇದನ್ನು ನಿನ್ನ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ ಅಂದುಕೊಂಡಿದ್ದೇನೆ.

2018ರಲ್ಲಿ ಇಲ್ಲಿಗೆ ಬಂದಾಗ ಮೊದಲ ವಾರವೇ ಹುಡುಕಿದೆ. ಊರಲ್ಲಿ ಟಾಕೋ ಬೆಲ್ ಇಲ್ಲ. ವಿಚಾರಿಸಿದರೆ, ರಾಮ್‌ಸ್ಟೈನ್‌ನಲ್ಲಿರುವ ಅಮೆರಿಕನ್ ವಾಯುನೆಲೆಯಲ್ಲಿ ಇದೆ ಅಂದರು. ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರ ಹೋದರೂ ಸೈನಿಕರ ಗುರುತಿನ ಚೀಟಿ ಇಲ್ಲದೆ ಗೇಟು ದಾಟುವ ಹಾಗಿಲ್ಲ. ಬೀನ್ ಬರಿಟೋಗಾಗಿ ಅಮೆರಿಕದ ಸೈನ್ಯ ಸೇರುವಷ್ಟು ಹಸಿವು ನನಗೆ ಇರಲಿಲ್ಲ.

ಆಮೇಲೊಂದು ಸಂಜೆ ರೈಲ್ವೆ ಸ್ಟೇಷನ್ ಹತ್ತಿರದ ಬೀದಿಯಲ್ಲಿ ಕೆಂಪು ದೀಪದಲ್ಲಿ ದೊಡ್ಡದಾಗಿ "ಟಾಕೋಸ್" ಅಂತ ಬೋರ್ಡು ಕಂಡಿತು. ಓಡಿದೆ ಅಂತಲೇ ಹೇಳಬೇಕು. ಮಾಂಸ ಬೇಡ ಅಂತ ನನ್ನ ಹರುಕುಮುರುಕು ಜರ್ಮನ್‌ನಲ್ಲಿ ಹೇಳಿದೆ. ಹುಡುಗ ತಲೆಯಾಡಿಸಿ, ಮೈದಾ ರೊಟ್ಟಿಯೊಂದನ್ನು ಹಾಸಿ, ಅದರ ಮೇಲೆ ಒಂದು ಬೊಗಸೆ ಆಲೂಗಡ್ಡೆ ಫ್ರೈಸ್ ಸುರಿದ. ನೋಡುತ್ತಾ ನಿಂತೆ. ಎರಡು ಫಲಾಫೆಲ್, ಅಂದರೆ ಕಡಲೆಕಾಳಿನ ವಡೆ, ಇಟ್ಟ. ಹಳದಿ ಚೀಸ್ ಸಾಸನ್ನು ಸೌಟಿನಲ್ಲಿ ಹೊಯ್ದ. ಲಕೋಟೆಯ ಹಾಗೆ ನಾಲ್ಕೂ ಕಡೆ ಮಡಚಿ, ಇಸ್ತ್ರಿಪೆಟ್ಟಿಗೆಯಂಥ ಯಂತ್ರದ ನಡುವೆ ಒತ್ತಿ, ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟ. ಇಟ್ಟಿಗೆಯಷ್ಟು ಭಾರ. ಬೀನ್ಸ್ ಎಲ್ಲಿ ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ.

ಅದು ಫ್ರೆಂಚ್ ಟಾಕೋಸ್ ಅಂತೆ ಮಾರಾಯ! ಫ್ರಾನ್ಸಿನ ಲಿಯೋನ್, ಗ್ರೆನೋಬಲ್ ಕಡೆಯ ಕಬಾಬ್ ಅಂಗಡಿಗಳಲ್ಲಿ ಹುಟ್ಟಿದ ತಿಂಡಿ. ಹೆಸರು ಬಿಟ್ಟರೆ ಮೆಕ್ಸಿಕೋಗೂ ಅದಕ್ಕೂ ನಂಟಿಲ್ಲ. ಹಸಿದಿದ್ದೆ, ತಿಂದೆ. ರಾತ್ರಿಯಿಡೀ ಹೊಟ್ಟೆ ಕಲ್ಲು.

ಸೂಪರ್ ಮಾರ್ಕೆಟ್ ಕಥೆ ಕೇಳಬೇಡ. ಇಲ್ಲಿ ಯಾವುದಕ್ಕೇ ಆಗಲಿ ಸಿಹಿ ಮೆಕ್ಕೆಜೋಳ ಮತ್ತು ರಾಜ್ಮಾ ಕಾಳು ಹಾಕಿದರೆ ಅದು ಮೆಕ್ಸಿಕನ್. ಸಲಾಡ್ ಆದರೂ ಸರಿ, ಪಿಜ್ಜಾ ಆದರೂ ಸರಿ. ನಮ್ಮೂರ ದರ್ಶಿನಿಗಳಲ್ಲಿ ಪನೀರ್ ಬಿದ್ದದ್ದೆಲ್ಲ ಪಂಜಾಬಿ ಆಗುವುದಿಲ್ಲವಾ, ಹಾಗೆ.

ಅಮೆರಿಕದ ಇನ್ನೊಂದು ಬರಿಟೋ ಅಂಗಡಿ ಚಿಪೋಟ್ಲೆ ಮಾತ್ರ ಇದೆ. ಮೆಸ್ಸೆ ಅನ್ನುವ ವಸ್ತುಪ್ರದರ್ಶನ ಮೈದಾನದ ಹತ್ತಿರದ ಸ್ಕೈಲೈನ್ ಪ್ಲಾಜಾ ಮಾಲ್‌ನಲ್ಲಿ, 2013ರಿಂದ. ಯು4 ಮೆಟ್ರೋ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಮೊದಲ ಸಲ ಹೋದಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದೇ ಸ್ಟೀಲ್ ಟ್ರೇಗಳ ಸಾಲು, ಅದೇ ಕಪ್ಪು ಬೀನ್ಸ್, ನಿಂಬೆ ರಸ ಕೊತ್ತಂಬರಿ ಕಲಸಿದ ಅದೇ ಅನ್ನ. ಅದನ್ನು ನೀನು "ಒಗ್ಗರಣೆ ಮರೆತ ಚಿತ್ರಾನ್ನ" ಅನ್ನುತ್ತಿದ್ದೆ. ಒಂದು ಬರಿಟೋಗೆ ಹತ್ತು ಯೂರೋ ದಾಟುತ್ತದೆ, ಗ್ವಾಕಮೋಲೆ ಅನ್ನುವ ಬೆಣ್ಣೆಹಣ್ಣಿನ ಚಟ್ನಿಗೆ ಬೇರೆ ದುಡ್ಡು. ಊಟ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಆದರೆ ನಾಲಿಗೆ ಹುಡುಕುತ್ತಿದ್ದುದು ಅದಲ್ಲ. ಆ ಮೆತ್ತನೆ ಅರೆದ ಬೀನ್ಸ್, ಒಂದಕ್ಕೊಂದು ಅಂಟಿಕೊಂಡ ಈರುಳ್ಳಿ, ಚೀಸು, ಕೆಂಪು ಸಾಸು. ಅದರಲ್ಲೊಂದು ವಾಸನೆ ಇತ್ತಲ್ಲ, ಅದೇನು ಅಂತ ಹೆಸರಿಡಲು ನನಗೆ ಆಗ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಆಫೀಸಿನ ಒಬ್ಬರಿಂದ. ಮೆಕ್ಸಿಕೋದ ಪುಯೆಬ್ಲಾದವರು, ನನಗಿಂತ ಹತ್ತು ವರ್ಷ ದೊಡ್ಡವರು. ಈ ಊರಲ್ಲಿ ಒಳ್ಳೆಯ ಮೆಕ್ಸಿಕನ್ ಎಲ್ಲಿ ಸಿಗುತ್ತದೆ ಅಂತ ಅವರನ್ನು ಕೇಳಿದೆ. ನಿನಗೆ ಯಾವುದು ಇಷ್ಟ ಅಂದರು. ನಾನು ಪೆದ್ದನ ಹಾಗೆ ಟಾಕೋ ಬೆಲ್ ಅಂದೆ. ಬಿದ್ದು ಬಿದ್ದು ನಕ್ಕರು. ಆ ಕಂಪನಿ ಅವರ ದೇಶಕ್ಕೂ ಹೋಗಿತ್ತಂತೆ, ಎರಡು ಸಲ. 1992ರಲ್ಲೊಮ್ಮೆ, 2007ರಲ್ಲೊಮ್ಮೆ. ಎರಡನೇ ಸಲ ಮಾಂಟೆರ್ರೇ ನಗರದಲ್ಲಿ ಅಂಗಡಿ ಹಾಕಿದಾಗ ಆ ಗಟ್ಟಿ ಟಾಕೋವನ್ನು ಟಾಕೋ ಅಂದರೆ ಜನ ಒಪ್ಪಲಿಕ್ಕಿಲ್ಲ ಅಂತ "ಟಾಕೋಸ್ತಾದಾ" ಅಂತ ಹೆಸರಿಟ್ಟಿದ್ದರಂತೆ. ಪಕ್ಕದಲ್ಲಿ ಫ್ರೆಂಚ್ ಫ್ರೈಸ್! ಎರಡೂ ಸಲ ಬಾಗಿಲು ಹಾಕಿಕೊಂಡು ಹೋದರು. ಬರಿಟೋ ಕೂಡ ತಮ್ಮ ಕಡೆಯದಲ್ಲ, ಗೋಧಿ ಬೆಳೆಯುವ ಉತ್ತರದ ಸೊನೋರಾ, ಚಿಹುವಾಹುವಾ ಕಡೆಯದು ಅಂದರು. ನಮ್ಮ ಕಡೆಯವರ ಹತ್ತಿರ ಬಂದು ಮೈಸೂರು ಪಾಕ್ ನಿಮ್ಮದಲ್ಲವಾ ಅಂತ ಕೇಳಿದ ಹಾಗಾಯಿತು. ಆದರೂ ಪಾಪ, ಮುಂದಿನ ಶನಿವಾರ ಮನೆಗೆ ಬಾ ಅಂದರು.

ಆ ಶನಿವಾರದ್ದು ನಿನಗೆ ಬಿಡಿಸಿ ಹೇಳಬೇಕು.

ಬಟ್ಟಲಿನಲ್ಲಿ ಹಿಟ್ಟಿತ್ತು. ನೋಡಲು ನಮ್ಮ ಮೆಕ್ಕೆಜೋಳದ ಹಿಟ್ಟಿನಂತೆಯೇ, ಸ್ವಲ್ಪ ಬಿಳಿಚಿಕೊಂಡಿದೆ. ಉಗುರುಬೆಚ್ಚಗಿನ ನೀರು ಹಾಕಿ ಅವರು ನಾದತೊಡಗಿದರು. ಒಂದು ವಾಸನೆ ಬಂತು. ಎಲ್ಲೋ ಮೂಸಿದ್ದೇನೆ, ಎಲ್ಲಿ ಅಂತ ತಿಳಿಯಲಿಲ್ಲ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಪ್ಲಾಸ್ಟಿಕ್ ಚೀಲ ಕತ್ತರಿಸಿದ ಎರಡು ಹಾಳೆಗಳ ನಡುವೆ ಇಟ್ಟು, ಕಬ್ಬಿಣದ ಒತ್ತುಮಣೆಯಲ್ಲಿ ಅದುಮಿದರು. ಕಾದ ಹಂಚಿಗೆ ಹಾಕಿ, ಅರೆಗಳಿಗೆಗೆ ತಿರುವಿ, ಇನ್ನೊಂದು ಮಗ್ಗುಲು ಬೇಯಿಸಿ, ಮತ್ತೆ ತಿರುವಿದಾಗ ಬುಸ್ಸಂತ ಉಬ್ಬಿತು. ಉಬ್ಬಿದಾಗ ಆ ವಾಸನೆ ಇನ್ನೊಮ್ಮೆ ಬಂತು. ಆಗ ಹೊಳೆಯಿತು. ಸುಣ್ಣ! ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮೊದಲ ಮಳೆಯ ಹನಿ ಸಿಡಿದಾಗ ಬರುತ್ತದಲ್ಲ, ಅದು. ಜೊತೆಗೆ ಸುಟ್ಟ ಜೋಳದ ಘಮ.

ಕೇಳಿದೆ. ಹೌದು, ಸುಣ್ಣವೇ ಅಂದರು. ಕವಳಕ್ಕೆ ಹಚ್ಚುವ ಅದೇ ಸುಣ್ಣ ಕಣೋ. ಒಣಗಿದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಿಗ್ಗೆ ಸಿಪ್ಪೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ತೊಳೆದು, ಕಲ್ಲಿನ ಮೇಲೆ ಅರೆಯುತ್ತಾರೆ. ಸಾವಿರಾರು ವರ್ಷದ ಪದ್ಧತಿ. ಇವರು ತಂದದ್ದು ಅದನ್ನೇ ಒಣಗಿಸಿ ಪೊಟ್ಟಣ ಕಟ್ಟಿದ ಹಿಟ್ಟು. ಸುಣ್ಣ ಹಾಕದಿದ್ದರೆ ಜೋಳದ ಹಿಟ್ಟು ಹೀಗೆ ಜಿಗುಟಾಗಿ ಒಂದಾಗುವುದಿಲ್ಲ. ಅಷ್ಟೇ ಅಲ್ಲ, ಜೋಳದಲ್ಲಿರುವ ನಯಾಸಿನ್ ಅನ್ನುವ ಬಿ ವಿಟಮಿನ್ ನಮ್ಮ ಮೈಗೆ ಹತ್ತುವುದೇ ಸುಣ್ಣ ಬಿದ್ದರೆ. ಯುರೋಪಿನವರು ಮೆಕ್ಕೆಜೋಳವನ್ನು ಹಡಗಿನಲ್ಲಿ ತಂದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟು ಬಂದರು. ಇಟಲಿಯ ಉತ್ತರದ ಬಡವರು ಮೂರು ಹೊತ್ತೂ ಜೋಳದ ಗಂಜಿ ಕುಡಿದು ಪೆಲಾಗ್ರಾ ರೋಗ ಬಂದು, ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಸುಣ್ಣದ ಡಬ್ಬಿ ಜಗಲಿಯ ಮೇಲೇ ಇಟ್ಟುಕೊಂಡು ಬೆಳೆದ ನಮಗೂ ಇದು ಗೊತ್ತಿರಲಿಲ್ಲ, ಅಲ್ವಾ?

ಒಳಗೆ ತುಂಬಲು ಏನು ಕೊಟ್ಟರು ಹೇಳು. ಪಾಪಾಸುಕಳ್ಳಿ! ಬಯಲುಸೀಮೆಯ ಹೊಲಗಳ ಬೇಲಿಯಲ್ಲಿರುತ್ತದಲ್ಲ, ಅದೇ ಜಾತಿ. ಅವರು ನೋಪಾಲೆಸ್ ಅನ್ನುತ್ತಾರೆ. ಮುಳ್ಳು ತೆಗೆದು, ಸಣ್ಣಗೆ ಹೆಚ್ಚಿ, ಈರುಳ್ಳಿ ಜೊತೆ ಬಾಡಿಸಿದ್ದರು. ಬೆಂಡೆಕಾಯಿಯಂತೆ ಲೋಳೆ, ಬಾಯಲ್ಲಿ ತುಸು ಹುಳಿ. ಈ ಕಳ್ಳಿ ನಮ್ಮಲ್ಲಿಗೆ ಬಂದಿದ್ದೂ ಅವರ ಕಡೆಯಿಂದಲೇ, ಮೆಣಸಿನಕಾಯಿ, ಟೊಮೆಟೊ, ಪೇರಲೆಯ ಹಾಗೆ. ಅಷ್ಟು ದೂರದಿಂದ ತಂದ ತರಕಾರಿಯನ್ನು ನಾವು ದನ ತಡೆಯಲು ನೆಟ್ಟೆವು ನೋಡು. ಟಾರ್ಟಿಯಾ ಅನ್ನುವ ಆ ಮೆಕ್ಕೆಜೋಳದ ರೊಟ್ಟಿ ಏಳು ತಿಂದೆ. ಲೆಕ್ಕ ಅವರದ್ದು.

ಈಗ ನಿನಗೆ ನಿಜ ಹೇಳುತ್ತೇನೆ, ಬೈಯಬೇಡ. ಅಷ್ಟೆಲ್ಲ ತಿಂದು ಟ್ರಾಮ್‌ನಲ್ಲಿ ಮನೆಗೆ ಬರುವಾಗಲೂ ಆ ಒಂದು ಡಾಲರಿನ ಬರಿಟೋ ನೆನಪಾಯಿತು. ಇವರ ಟಾರ್ಟಿಯಾ ಮುಂದೆ ಅದು ಏನೇನೂ ಅಲ್ಲ, ನನಗೂ ಗೊತ್ತು. ಗ್ಲೆನ್ ಬೆಲ್ ಅನ್ನುವ ಹಾಟ್‌ಡಾಗ್ ವ್ಯಾಪಾರಿ, ತನ್ನ ಅಂಗಡಿಯ ಎದುರಿಗಿದ್ದ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದ ಮಿಟ್ಲಾ ಕೆಫೆಯ ಟಾಕೋ ನೋಡಿ ಕಲಿತು, 1962ರಲ್ಲಿ ಡೌನಿ ಊರಿನಲ್ಲಿ ತೆರೆದ ಅಂಗಡಿ ಟಾಕೋ ಬೆಲ್. ನಕಲು ಅಂತ ನೀನು ಬೇಕಾದರೆ ಅನ್ನು. ಆದರೆ ನಾನು ಬೆಳೆದ ರುಚಿಗಳ ಪಟ್ಟಿಯಲ್ಲಿ ಆ ನಕಲೂ ಒಂದು, ಏನು ಮಾಡಲಿ?

ಆಮೇಲಿನ ತಿಂಗಳು ಅವರನ್ನು ನಾನು ಊಟಕ್ಕೆ ಕರೆದೆ. ಮೂರು ಸಲ ಮಾಡಿ ಹಾಳು ಮಾಡಿ, ನಾಲ್ಕನೇ ಸಲಕ್ಕೆ ಹದ ಬಂದ ಬೀನ್ ಬರಿಟೋ. ಪಿಂಟೋ ಬೀನ್ಸ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಟರ್ಕಿಯವರ ಅಂಗಡಿಯಲ್ಲಿ ಬಾರ್ಬುನ್ಯಾ ಅಂತ ಚುಕ್ಕೆ ಚುಕ್ಕೆ ಕಾಳು ಸಿಗುತ್ತದೆ, ಅದು ಸರಿಹೋಗುತ್ತದೆ. ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಎಣ್ಣೆಯಲ್ಲಿ ಈರುಳ್ಳಿ ಹುರಿದು, ಕಾಳು ಹಾಕಿ ಸೌಟಿನ ಹಿಂಭಾಗದಿಂದ ಮಸೆಯಬೇಕು. ಅವರ ಕಡೆ ಹಂದಿ ಕೊಬ್ಬು ಹಾಕುತ್ತಾರಂತೆ. ನಾನು ಒಂದು ಚಮಚ ತುಪ್ಪ. ಮತ್ತೆ ಹುರಿದು ಪುಡಿ ಮಾಡಿದ ಜೀರಿಗೆ.

ಒಂದು ತುತ್ತು ತಿಂದು ಅವರು ತಲೆ ಎತ್ತಿದರು. "ಇದು ಮೆಕ್ಸಿಕೋ ಅಲ್ಲ, ಟೆಕ್ಸಸ್. ಇಷ್ಟು ಜೀರಿಗೆ ನಮ್ಮಮ್ಮ ಒಂದು ವರ್ಷಕ್ಕೂ ಹಾಕುವುದಿಲ್ಲ" ಅಂದರು.

ಜೀರಿಗೆ ನಾಗು, ಜೀರಿಗೆ! ಹೆಸರಿಡಲಾಗದ ಆ ವಾಸನೆ ಅದು. ಗಡಿಯ ಈಚೆಗಿನ ಟೆಕ್ಸಸ್ ಅಡುಗೆಯವರು ಅದನ್ನು ಧಾರಾಳವಾಗಿ ಸುರಿಯುತ್ತಾರೆ, ಗಡಿಯ ಆಚೆ ಚಿಟಿಕೆ ಮಾತ್ರ. ರಾತ್ರಿ ಹನ್ನೊಂದಕ್ಕೆ ಪಾರ್ಕಿಂಗ್ ಲಾಟಿನಲ್ಲಿ ಕೂತು ನಾವು ತಿನ್ನುತ್ತಿದ್ದುದು ಬೇಯಿಸಿದ ಕಾಳು, ಈರುಳ್ಳಿ, ಒಣಮೆಣಸು, ಜೀರಿಗೆ. ಅಮೆರಿಕಕ್ಕೆ ಹೋಗಿ ಚಪಾತಿಯಲ್ಲಿ ಕಾಳುಪಲ್ಯ ಸುತ್ತಿಕೊಂಡು ತಿಂದೆವಷ್ಟೇ.

ಸರಿ, ಈಗ ಕೆಲಸದ ಮಾತು. ನಿನ್ನ ತಂಗಿ ಮುಂದಿನ ತಿಂಗಳು ಬರುವಾಗ ಅವಳ ಕೈಯಲ್ಲಿ ಅರ್ಧ ಕೇಜಿ ಬ್ಯಾಡಗಿ ಮೆಣಸು ಕಳಿಸು. ನನ್ನ ಹತ್ತಿರ ಇದ್ದುದನ್ನು ಅವರು ಮೂಸಿ ನೋಡಿ, ತಮ್ಮ ಗ್ವಾಹಿಯೋ ಮೆಣಸಿನ ಅಕ್ಕನೋ ತಂಗಿಯೋ ಇರಬೇಕು ಅಂತ ಪೂರ್ತಿ ಡಬ್ಬಿ ಎತ್ತಿಕೊಂಡು ಹೋದರು. ಒಣಗಿಸಿದ ಸೂಜಿಮೆಣಸು ಒಂದು ಹಿಡಿ ಇರಲಿ, ಅದನ್ನು ಅವರಿಗೆ ತೋರಿಸುವುದಿಲ್ಲ. ಶಿಕಾರಿಪುರದ ಕಡೆಯ ಮೆಕ್ಕೆಜೋಳ ಒಂದಿಷ್ಟು ಸಿಕ್ಕರೆ ನಾವೇ ಬೇಯಿಸಿ ನೋಡೋಣ ಅನ್ನುತ್ತಿದ್ದಾರೆ, ಭಾರವಾದರೆ ಬೇಡ. ಸುಣ್ಣ ಮಾತ್ರ ಖಂಡಿತ ಕಳಿಸಬೇಡ. ಬಿಳಿ ಪುಡಿಯ ಪೊಟ್ಟಣ ಹಿಡಿದುಕೊಂಡು ವಿಮಾನ ನಿಲ್ದಾಣದಲ್ಲಿ ಕವಳದ ಬಗ್ಗೆ ಭಾಷಣ ಮಾಡುವಷ್ಟು ತಾಳ್ಮೆ ಅವಳಿಗಿಲ್ಲ, ಅದು ನಿನಗೂ ಗೊತ್ತು.

ಅಮ್ಮನಿಗೆ ನಮಸ್ಕಾರ ಹೇಳು. ಫೋನ್ ಮಾಡುವಾಗ ರಸ್ತೆಯ ಹತ್ತಿರ ಬಂದು ಮಾಡು.

ನಿನ್ನ,
ಹಳೇ ರೂಮ್‌ಮೇಟ್