ಪ್ರೊಸೆಸರ್ ಉಜ್ಜುವ ಮೊದಲು ಸ್ಕೇಲ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಅಂಗಡಿಗೆ ಡಿಪ್ಲೊಮಾ ಓದುವ ಹುಡುಗನೊಬ್ಬ ತನ್ನ ಕಂಪ್ಯೂಟರ್ ಹೊತ್ತುಕೊಂಡು ಬಂದ. ಗೇಮ್ ಹಾಕಿದ ಐದು ನಿಮಿಷಕ್ಕೆ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, 98 ಡಿಗ್ರಿಗೆ ಹೋಗುತ್ತದೆ, ಆಮೇಲೆ ಎಲ್ಲವೂ ನಿಧಾನ ಎಂದ. ಪ್ರೊಸೆಸರನ್ನು ತಂಪಾಗಿಡಲು ಅದರ ಮೇಲೆ ಕೂರಿಸುವ ಹೀಟ್‌ಸಿಂಕ್ ಬಿಚ್ಚಿ, ಎರಡರ ನಡುವೆ ಹಚ್ಚಿದ ಪೇಸ್ಟ್ ಒರೆಸಿದರೆ ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದ ಬೆಳ್ಳಿ ಬಣ್ಣ ಅರ್ಧಕ್ಕರ್ಧ ಹೋಗಿ ತಾಮ್ರ ಕಾಣುತ್ತಿತ್ತು. ಹೆಸರು, ನಂಬರು ಏನೂ ಉಳಿದಿರಲಿಲ್ಲ. ಏನಪ್ಪಾ ಇದು ಅಂದೆ. "ವಿಡಿಯೋ ನೋಡಿ ತಿಕ್ಕಿದೆ ಅಣ್ಣ, ಫ್ಲ್ಯಾಟ್ ಮಾಡಿದ್ರೆ ಹತ್ತು ಡಿಗ್ರಿ ಇಳಿತೈತಿ ಅಂದ್ರು" ಅಂದ. ಎಮರಿ ಪೇಪರನ್ನು ಬೆರಳಿಗೆ ಸುತ್ತಿಕೊಂಡು ಎರಡು ಗಂಟೆ ಉಜ್ಜಿದ್ದಾನೆ, ಪಾಪ.

ತೊಂದರೆ ಇದ್ದದ್ದು ಬೇರೆ ಕಡೆ. ಪ್ರೊಸೆಸರ್ ಬಾಕ್ಸ್ ಜೊತೆ ಬರುವ ಹೀಟ್‌ಸಿಂಕ್‌ಗೆ ನಾಲ್ಕು ಪಿನ್ ಇರುತ್ತವೆ, ಒತ್ತಿದರೆ ಟಕ್ ಅಂತ ಬೋರ್ಡಿಗೆ ಕೂರುತ್ತವೆ. ಅವನದರಲ್ಲಿ ಮೂರು ಕೂತಿದ್ದವು, ಒಂದು ಕೂತಿರಲಿಲ್ಲ. ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಹೊಸ ಪೇಸ್ಟ್ ಹಚ್ಚಿ ನಾಲ್ಕೂ ಪಿನ್ ಕೂರಿಸಿದ ಮೇಲೆ ಅದೇ ಗೇಮ್‌ನಲ್ಲಿ 74 ಡಿಗ್ರಿಗೆ ಬಂತು. ಉಜ್ಜುವ ಕೆಲಸವೇ ಬೇಕಿರಲಿಲ್ಲ.

ಈ ಬೇಸಿಗೆಯಲ್ಲಿ ಹೀಗೆ ಉಜ್ಜಿಕೊಂಡು ಬಂದವರಲ್ಲಿ ಇವನು ಮೂರನೆಯವನು. ಅದಕ್ಕೇ ಈ ಪತ್ರ. ನಿಮ್ಮ ಪತ್ರಿಕೆಯನ್ನು ಹುಡುಗರೂ ಓದುತ್ತಾರೆ, ಅವರ ಅಪ್ಪ ಅಮ್ಮಂದಿರೂ ಓದುತ್ತಾರೆ. ದಯವಿಟ್ಟು ಪ್ರಕಟಿಸಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಉಜ್ಜುವುದಕ್ಕೆ ವಿರೋಧಿ ಅಲ್ಲ. 2008ರಲ್ಲಿ ನಾನೂ ಉಜ್ಜಿದ್ದೇನೆ, ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600. ಆಗ ಅದು ಎಲ್ಲರ ಕನಸಿನ ಪ್ರೊಸೆಸರ್, 2.4 ಗಿಗಾಹರ್ಟ್ಸ್ ವೇಗ ಇದ್ದದ್ದನ್ನು 3ಕ್ಕೆ ಏರಿಸಿ ಓಡಿಸುತ್ತಿದ್ದೆವು. ಏರಿಸಿದರೆ ಬಿಸಿ, ಅದರ ಮೇಲೆ ನಮ್ಮ ಬಳ್ಳಾರಿಯ ಬೇಸಿಗೆ. ಸ್ಟೀಲ್ ಸ್ಕೇಲಿನ ಅಂಚನ್ನು ಪ್ರೊಸೆಸರ್ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವೆ ಗೆರೆಯಷ್ಟು ಬೆಳಕು ಕಾಣುತ್ತಿತ್ತು. ಅಂದರೆ ಅಂಚು ಎತ್ತರ, ನಡು ತಗ್ಗು. ಉಜ್ಜಲು ಶುರು ಮಾಡಿದಾಗ ತಾಮ್ರ ಮೊದಲು ಕಂಡದ್ದು ನಾಲ್ಕು ಮೂಲೆಯಲ್ಲೇ, ನಡುವಿನ ಬೆಳ್ಳಿ ಬಣ್ಣದ ನಿಕಲ್ ಲೇಪ ಹೋಗುವ ಹೊತ್ತಿಗೆ ಸಂಜೆಯಾಗಿತ್ತು. ಐದು ಡಿಗ್ರಿ ಇಳಿಯಿತು. ಆ ಖುಷಿ ನನಗೆ ಇವತ್ತಿಗೂ ನೆನಪಿದೆ, ಹಾಗಾಗಿ ಹುಡುಗರ ಉತ್ಸಾಹ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಉಜ್ಜಿದರೆ ಯಾಕೆ ತಂಪಾಗುತ್ತದೆ? ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟರೆ ಅವು ನಿಜವಾಗಿ ತಾಗುವುದು ಅಲ್ಲಲ್ಲಿ ಮಾತ್ರ. ಉಳಿದ ಜಾಗದಲ್ಲೆಲ್ಲ ಗಾಳಿ. ಗಾಳಿಗಿಂತ ತಾಮ್ರ ಹತ್ತಿರಹತ್ತಿರ 15,000 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಆ ಗಾಳಿಯ ಜಾಗ ತುಂಬುವುದಕ್ಕೇ ಪೇಸ್ಟ್ ಹಚ್ಚುವುದು. ಆದರೆ ಪೇಸ್ಟ್ ಕೂಡ ತಾಮ್ರದ ಮುಂದೆ ಏನೇನೂ ಅಲ್ಲ, ಅದು ಎಷ್ಟು ತೆಳುವಾಗಿದ್ದರೆ ಅಷ್ಟು ಒಳ್ಳೆಯದು. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಹಂಚಿನ ಮೇಲೆ ಜೋಳದ ರೊಟ್ಟಿ ಎದ್ದ ಕಡೆ ಬೇಯುವುದಿಲ್ಲ ಅಲ್ವಾ? ಅದಕ್ಕೇ ಅಮ್ಮ ಬಟ್ಟೆಯಿಂದ ಅಲ್ಲಿ ಒತ್ತುತ್ತಾಳೆ. ಹೀಟ್‌ಸಿಂಕ್ ಕೂಡ ಹಾಗೇ, ಎಲ್ಲ ಕಡೆ ತಾಗಿ ಕೂರಬೇಕು.

ಹಾಗಾದರೆ ಉಜ್ಜಿದರೆ ತಪ್ಪೇನು? ತಪ್ಪು ಇರುವುದು ಅಳೆಯದೆ ಉಜ್ಜುವುದರಲ್ಲಿ.

ನಮ್ಮ ಅಂಗಡಿಯ ಪಕ್ಕದಲ್ಲೇ ಒಂದು ಗ್ಯಾರೇಜ್ ಇದೆ. ಇಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದ ಗಾಡಿ ಬಂದರೆ ಅಲ್ಲಿನ ಮೇಸ್ತ್ರಿ ಹೆಡ್ಡನ್ನು ಸೀದಾ ಲೇತ್ ಅಂಗಡಿಗೆ ಕಳಿಸುವುದಿಲ್ಲ. ತೊಳೆದು, ಅದರ ಮೇಲೆ ಉದ್ದದ ಪಟ್ಟಿ ಇಟ್ಟು, ಕೆಳಗೆ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ತೂರಿಸಿ ನೋಡುತ್ತಾನೆ. ಉದ್ದಕ್ಕೆ ನೋಡುತ್ತಾನೆ, ಅಡ್ಡಕ್ಕೆ ನೋಡುತ್ತಾನೆ, ಮೂಲೆಯಿಂದ ಮೂಲೆಗೆ ನೋಡುತ್ತಾನೆ. ಸೊಟ್ಟ ಇದ್ದರೆ ಮಾತ್ರ ಫೇಸಿಂಗ್, ಅಂದರೆ ಹೆರೆದು ಸಪಾಟು ಮಾಡಿಸುವುದು. ಇದನ್ನು ಅವನಿಗೆ ಯಾವ ಕಾಲೇಜೂ ಕಲಿಸಿಲ್ಲ, ಅವನ ಗುರು ಕಲಿಸಿದ್ದು. ಇಪ್ಪತ್ತು ಸಾವಿರದ ಪ್ರೊಸೆಸರ್‌ಗೆ ನಾವು ಅಷ್ಟಾದರೂ ಮರ್ಯಾದೆ ಕೊಡಬೇಕು ತಾನೆ?

ಮನೆಯಲ್ಲಿ ಅಳೆಯುವುದು ಕಷ್ಟವೇನಲ್ಲ. ಸ್ಟೀಲ್ ಸ್ಕೇಲ್ ಅಥವಾ ಹೊಸ ಬ್ಲೇಡಿನ ಅಂಚು ಸಾಕು, ಹಿಂದಿನಿಂದ ಟಾರ್ಚ್ ಬಿಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಪೇಸ್ಟಿನದು. ತೆಳುವಾಗಿ ಪೇಸ್ಟ್ ಹಚ್ಚಿ, ಹೀಟ್‌ಸಿಂಕ್ ಪೂರ್ತಿ ಬಿಗಿದು, ಮತ್ತೆ ಬಿಚ್ಚಿ ಅಚ್ಚು ಹೇಗೆ ಬಿದ್ದಿದೆ ನೋಡಿ. ಪೇಸ್ಟ್ ತೆಳುವಾಗಿ ಲೋಹ ಕಾಣುತ್ತಿದ್ದರೆ ಅಲ್ಲಿ ತಾಗಿದೆ, ದಪ್ಪಗೆ ಉಳಿದಿದ್ದರೆ ಅಲ್ಲಿ ಗ್ಯಾಪ್ ಇದೆ. ಇದು ಸ್ಕೇಲಿಗಿಂತ ಯಾಕೆ ಮೇಲು ಅಂದರೆ, ಪ್ರೊಸೆಸರ್ ಬೋರ್ಡಿನಲ್ಲಿರುವ ತನ್ನ ಗೂಡಿನಲ್ಲಿ, ಅಂದರೆ ಸಾಕೆಟ್ಟಿನಲ್ಲಿ, ಬಿಗಿದು ಕೂತಾಗ ಹೇಗಿರುತ್ತದೆ ಅನ್ನುವುದನ್ನು ತೋರಿಸುತ್ತದೆ. ಕೈಯಲ್ಲಿ ಹಿಡಿದಾಗಿನ ಆಕಾರ ಬೇರೆ, ಸಾಕೆಟ್ಟಿನಲ್ಲಿ ಬಿಗಿದಾಗಿನ ಆಕಾರ ಬೇರೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ ಹುಡುಗನದೂ ಇಂಥದ್ದೇ ಪ್ರೊಸೆಸರ್. 2021ರ ಕೊನೆಗೆ ಇಂಟೆಲ್‌ನ 12ನೇ ತಲೆಮಾರು ಬಂತು, ಎಲ್‌ಜಿಎ 1700 ಸಾಕೆಟ್. ಅದಕ್ಕೂ ಮುಂಚಿನವು 37.5 ಮಿಲಿಮೀಟರ್ ಚೌಕ ಇದ್ದವು, ಇದು 45 ಮಿಲಿಮೀಟರ್ ಉದ್ದವಾಯಿತು. ಆದರೆ ಸಾಕೆಟ್ಟಿನ ಕ್ಲಿಪ್ಪು ಒತ್ತುವುದು ಎರಡೂ ಪಕ್ಕದ ನಡುವಿನಲ್ಲಿ ಮಾತ್ರ. ಉದ್ದದ ಹಲಗೆಯ ನಡು ಒತ್ತಿದ ಹಾಗೆ ಪ್ರೊಸೆಸರ್ ಒಂಚೂರು ಬಾಗುತ್ತದೆ, ನಡು ತಗ್ಗಾಗುತ್ತದೆ. ಇಂಥದ್ದನ್ನು ಹೊರಗೆ ತೆಗೆದು ಕನ್ನಡಿಯಂತೆ ಉಜ್ಜಿದರೂ ಏನು ಲಾಭ? ಮತ್ತೆ ಕ್ಲಿಪ್ಪು ಹಾಕಿದರೆ ಮತ್ತೆ ಬಾಗುತ್ತದೆ. ಇದಕ್ಕೆ ಮದ್ದು ಕಾಂಟ್ಯಾಕ್ಟ್ ಫ್ರೇಮ್, ಸುತ್ತಲೂ ಸಮನಾಗಿ ಒತ್ತುವ ಒಂದು ಚೌಕಟ್ಟು. ಥರ್ಮಲ್‌ರೈಟ್, ಥರ್ಮಲ್ ಗ್ರಿಜ್ಲಿ ಕಂಪನಿಗಳು ಮಾರುತ್ತವೆ. ಸಾಕೆಟ್ಟನ್ನು ಹೀಗೆ ಬದಲಾಯಿಸಿದರೆ ವಾರಂಟಿ ಹೋಗಬಹುದು ಎಂದು ಇಂಟೆಲ್ ಹೇಳಿದೆ, ಅದನ್ನೂ ತಿಳಿದುಕೊಂಡೇ ಹಾಕಿ.

ಇನ್ನೊಂದು ವಿಷಯ, ಸಪಾಟಾದ ಹೀಟ್‌ಸಿಂಕ್ ಎಲ್ಲ ಕಡೆಗೂ ಒಳ್ಳೆಯದು ಅಂತಿಲ್ಲ. ನೊಕ್ಟುವಾ ಕಂಪನಿ 2024ರಲ್ಲಿ ಎನ್‌ಎಚ್-ಡಿ15 ಜಿ2 ಅನ್ನುವ ಹೀಟ್‌ಸಿಂಕನ್ನು ಮೂರು ಬಗೆಯ ತಳದಲ್ಲಿ ತಂದಿತು. ಒಂದರ ತಳ ಸಾಧಾರಣ ಉಬ್ಬು, ಒಂದು ಹೆಚ್ಚು ಉಬ್ಬು, ಒಂದು ಕಡಿಮೆ ಉಬ್ಬು. ಹೆಚ್ಚು ಉಬ್ಬಿನದು ನಾನು ಮೇಲೆ ಹೇಳಿದ ಬಾಗುವ ಪ್ರೊಸೆಸರ್‌ಗಳಿಗೇ ಮಾಡಿದ್ದು, ತಗ್ಗಿನೊಳಗೆ ಉಬ್ಬು ಕೂರಲಿ ಅಂತ. ಅದನ್ನು ಯಾರಾದರೂ ತಂದು ಸಪಾಟಾಗಿ ಉಜ್ಜಿದರೆ ದುಡ್ಡು ಕೊಟ್ಟು ತಂದ ಗುಣವನ್ನೇ ಉಜ್ಜಿ ತೆಗೆದ ಹಾಗೆ.

ಅಳೆದು ನೋಡಿ ನಿಜವಾಗಿಯೂ ಸೊಟ್ಟ ಇದೆ ಅಂತಾದರೆ ಉಜ್ಜಿ, ಬೇಡ ಅನ್ನುವುದಿಲ್ಲ. ಮೊದಲು ಹೀಟ್‌ಸಿಂಕ್ ಉಜ್ಜಿ, ಹಾಳಾದರೂ ಇನ್ನೊಂದು ಸಿಗುತ್ತದೆ. ಆದರೆ ತಳದಲ್ಲಿ ಹೀಟ್‌ಪೈಪುಗಳೇ (ಶಾಖ ಸಾಗಿಸುವ ಕೊಳವೆಗಳು) ನೇರವಾಗಿ ಕಾಣುವ ಹೀಟ್‌ಸಿಂಕ್ ಆದರೆ ಮುಟ್ಟಬೇಡಿ, ಆ ಪೈಪುಗಳ ಗೋಡೆ ತೆಳು, ತೂತಾದರೆ ಒಳಗಿನ ನೀರಿನ ಆವಿ ಹೋಗಿ ಪೈಪು ಸತ್ತಂತೆ. ಬೆರಳಿಗೆ ಪೇಪರ್ ಸುತ್ತಿ ಉಜ್ಜಿದರೆ ಅಂಚು ಸವೆದು ಗುಂಡಗಾಗುತ್ತದೆ, ಮೊದಲಿಗಿಂತ ಸೊಟ್ಟವಾಗುತ್ತದೆ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನಾಲ್ಕು ಹನಿ ನೀರು ಹಾಕಿ, ವಸ್ತುವನ್ನು ಅದರ ಮೇಲೆ ಓಡಿಸಬೇಕು. ಜಾಸ್ತಿ ಒತ್ತಬಾರದು. ಸ್ವಲ್ಪ ಹೊತ್ತಿಗೊಮ್ಮೆ ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಕೈಯ ಭಾರ ಒಂದೇ ಕಡೆ ಬೀಳುತ್ತದೆ. ಮೊದಲೇ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಎಳೆದುಕೊಳ್ಳಿ, ಗೆರೆ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು. 400ನೇ ನಂಬರಿನ ಒರಟು ಪೇಪರಿನಿಂದ ಶುರು ಮಾಡಿ ಇನ್ನೂ ನಯವಾದ 800, 1000 ದಾಟಿದರೆ ಸಾಕು. ಮುಖ ಕಾಣುವಷ್ಟು ಹೊಳಪು ನೋಡಲು ಚೆಂದ, ತಂಪಿಗೆ ಬೇಕಾದದ್ದು ಸಪಾಟು.

ಪ್ರೊಸೆಸರ್ ಆದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ಬೋರ್ಡಿನಲ್ಲಿ ಇಟ್ಟುಕೊಂಡೇ ಉಜ್ಜಬೇಡಿ, ತಾಮ್ರದ ಪುಡಿ ಸಾಕೆಟ್ಟಿಗೆ ಬಿದ್ದರೆ ಬೋರ್ಡೂ ಹೋಯಿತು. ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ಟಿನ ಪ್ರೊಸೆಸರ್‌ನ ಕೆಳಗೆ 1331 ಪಿನ್ ಇವೆ, ಒಂದು ಬಾಗಿದರೂ ಕಷ್ಟ. ಲ್ಯಾಪ್‌ಟಾಪ್ ಪ್ರೊಸೆಸರನ್ನಂತೂ ಯಾವ ಕಾರಣಕ್ಕೂ ಉಜ್ಜಬೇಡಿ. ಅದಕ್ಕೆ ಮೇಲೆ ತಾಮ್ರದ ಮುಚ್ಚಳವೇ ಇಲ್ಲ, ನಿಮ್ಮ ಪೇಪರ್ ತಾಗುವುದು ಸೀದಾ ಚಿಪ್ಪಿಗೆ. ಕೆಲವರು ಉಜ್ಜಿದ ಮೇಲೆ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್, ಅಂದರೆ ದ್ರವ ಲೋಹ, ಹಚ್ಚುತ್ತಾರೆ, ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅಲ್ಯೂಮಿನಿಯಂ ತಳದ ಹೀಟ್‌ಸಿಂಕನ್ನು ಅದು ತಿಂದು ಪುಡಿ ಮಾಡುತ್ತದೆ.

ನಿಜ ಹೇಳಬೇಕೆಂದರೆ ನನ್ನ ಅಂಗಡಿಗೆ ಬಿಸಿ ಅಂತ ಬರುವ ಹತ್ತರಲ್ಲಿ ಎಂಟು ಕಂಪ್ಯೂಟರ್‌ಗಳ ಕಾಯಿಲೆ ಧೂಳು. ನಮ್ಮೂರಿನ ಕೆಂಪು ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿ ಹಾಸಿದಂತೆ ಕೂತಿರುತ್ತದೆ. ಬ್ಲೋವರ್ ಹಿಡಿದರೆ, ಒಣಗಿದ ಪೇಸ್ಟ್ ಬದಲಿಸಿದರೆ, ಗೋಡೆಗೆ ಅಂಟಿಸಿ ಇಟ್ಟ ಕ್ಯಾಬಿನೆಟ್ಟನ್ನು ಒಂದು ಗೇಣು ಈಚೆ ಎಳೆದರೆ ಮುಗಿಯಿತು. ಮನೆಯೊಳಗೇ 40 ಡಿಗ್ರಿ ಇದ್ದರೆ ಬೆಂಗಳೂರಿನ 28 ಡಿಗ್ರಿ ಕೋಣೆಗಿಂತ ಪ್ರೊಸೆಸರ್ ಕೂಡ ಹತ್ತಿರಹತ್ತಿರ ಅಷ್ಟೇ ಜಾಸ್ತಿ ಬಿಸಿ ಇರುತ್ತದೆ. ಅಲ್ಲಿನವರ ಅಂಕಿ ನೋಡಿ ನಮ್ಮ ಹುಡುಗರು ಗಾಬರಿಯಾಗುವುದು ಬೇಡ.

ಹಳೆಯ ಪ್ರೊಸೆಸರ್ ಮಾರುವವರಿಗೂ ಒಂದು ಮಾತು. ಉಜ್ಜಿದ್ದನ್ನು ಉಜ್ಜಿದ್ದು ಅಂತ ಹೇಳಿ ಮಾರಿ. ನಂಬರ್ ಅಳಿಸಿದ ಪ್ರೊಸೆಸರ್ ಯಾವುದು ಎಂದು ಕೊಳ್ಳುವವನಿಗೆ ಕಂಪ್ಯೂಟರ್‌ಗೆ ಹಾಕಿ ನೋಡುವವರೆಗೆ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ನಾನೇ ಹೀಗೆ ಒಂದನ್ನು ಕೊಂಡೆ, ಐ7 ಅಂತ ಕೊಟ್ಟದ್ದು ಅದಕ್ಕಿಂತ ಕೆಳಗಿನ ಐ5 ಆಗಿತ್ತು.

ಆ ಹುಡುಗನ ಪ್ರೊಸೆಸರ್‌ಗೆ ಮೂರು ವರ್ಷದ ವಾರಂಟಿ ಇತ್ತು, ಇನ್ನೂ ಒಂದೂವರೆ ವರ್ಷ ಬಾಕಿ. ನಂಬರ್ ಹೋಯಿತು, ಅದನ್ನು ಈಗ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಸ್ಟೀಲ್ ಸ್ಕೇಲ್ ಕೊಟ್ಟು ಅವನ ಹೀಟ್‌ಸಿಂಕಿನ ತಳವನ್ನೇ ಬೆಳಕಿಗೆ ಹಿಡಿದು ತೋರಿಸಿದೆ. ಹೋದ ಭಾನುವಾರ ಅವನು ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದಿದ್ದ, ಮೂವರ ಕೈಯಲ್ಲೂ ಹೀಟ್‌ಸಿಂಕ್ ಇತ್ತು, ಅಳೆಯುವುದಕ್ಕೆ.

ಇಂತಿ,
ಕಂಪ್ಯೂಟರ್ ರಿಪೇರಿ ಮಾಡುವ ನಿಮ್ಮ ಓದುಗ,
ಬಳ್ಳಾರಿ