ಬಾಚಣಿಗೆ ಹಿಡಿದ ಆ ಕೈಗಳಿಗೆ

ನಿಮಗೆ ಕನ್ನಡ ಬಾರದು. ಆದರೂ ನನಗೆ ಮನಸ್ಸು ಬಿಚ್ಚಿ ಹೇಳಲು ಬರುವುದು ಈ ಭಾಷೆಯಲ್ಲೇ.

ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಚೋಯಾ ಕಳ್ಳಿತೋಟ. ಕಾಲು ಮೈಲಿಯ ಸಮತಟ್ಟಾದ ಸುತ್ತುದಾರಿ. ಮಂಡಿನೋವಿನ ಅಮ್ಮನೂ ನಡೆಯಬಲ್ಲಳೆಂದೇ ಕರೆದುಕೊಂಡು ಹೋಗಿದ್ದೆ. ಎಳೆಬಿಸಿಲಿಗೆ ಒಂದೊಂದು ಕಳ್ಳಿಯೂ ಬೆಳ್ಳಿಯ ತುಪ್ಪಳ ಹೊದ್ದಂತೆ ಹೊಳೆಯುತ್ತಿತ್ತು. ಬೇಲಿಯ ಪಾಪಾಸುಕಳ್ಳಿ ನೋಡಿ ಬೆಳೆದ ಅಮ್ಮ ‘ಇದೂ ಕಳ್ಳಿಯೇ?’ ಎಂದು ಬಗ್ಗಿದಳು, ಅಷ್ಟೆ. ಒಂದು ತುಂಡು ಸೆರಗಿನ ಸಮೇತ ಅಂಗೈಗೆ ಕಚ್ಚಿಕೊಂಡಿತು. ಅದರ ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಹಿಮ್ಮುಖ ಕೊಕ್ಕೆಗಳಿರುತ್ತವೆ; ಸೋಕಿದರೆ ಸಾಕು, ತುಂಡೇ ಕಳಚಿ ಬರುತ್ತದೆ.

ಬರಿಗೈಯಲ್ಲಿ ಕೀಳಲು ಹೋದ ನನ್ನನ್ನು ನೀವು ತಡೆದಿರಿ. ಚೀಲದಿಂದ ಬಾಚಣಿಗೆ ತೆಗೆದು, ಅದರ ಹಲ್ಲುಗಳನ್ನು ಮುಳ್ಳುಗಳ ನಡುವೆ ತೂರಿಸಿ, ಒಂದೇ ಎಳೆತಕ್ಕೆ ತುಂಡನ್ನು ಹಾರಿಸಿದಿರಿ. ಉಳಿದ ಏಳು ಮುಳ್ಳುಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತಿರಿ. ಅಷ್ಟು ಹೊತ್ತೂ ಅಮ್ಮನ ಕೈ ನಿಮ್ಮ ತೊಡೆಯ ಮೇಲಿತ್ತು. ನೀರು ಸಿಗದ ಆ ಜಾಗದಲ್ಲಿ ನಿಮ್ಮ ಬಾಟಲಿಯ ನೀರನ್ನೇ ಸುರಿದು ತೊಳೆದಿರಿ.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಕಾರು ಹೊರಟಿತ್ತು. ಅಮ್ಮ ಎದ್ದು ಸುತ್ತನ್ನು ಪೂರ್ತಿ ನಡೆದಳು. ಈಗ ಅವಳ ಕೈಚೀಲದಲ್ಲೂ ಒಂದು ಬಾಚಣಿಗೆ ಇದೆ. ನಿಮಗೆ ನಮ್ಮಿಬ್ಬರ ನಮಸ್ಕಾರ.